ಕಾಯಿ ತನ್ನನ್ನು ತಾನೇ ಕಾಯುತ್ತದೆ

ಪೀಣ್ಯದ ಕಾರ್ಖಾನೆಗಳೂ ಗಾರ್ಮೆಂಟ್ಸುಗಳೂ ಬಿಡುವ ಹೊತ್ತಿಗೆ ಲಗ್ಗೆರೆ ಬ್ರಿಡ್ಜಿನ ಆಸುಪಾಸಿನಲ್ಲಿ ಹಣ್ಣಿನ ತಳ್ಳುಗಾಡಿಗಳು ಸಾಲುಗಟ್ಟುತ್ತವೆ. ಯಾರಿಗೂ ಪುರುಸೊತ್ತಿಲ್ಲ. ಅರ್ಧ ಕೆಜಿ, ಮುಕ್ಕಾಲು ಕೆಜಿ, ಫೋನ್‌ಪೇ, ಮುಂದಿನ ಬಸ್ಸು. ನಾನು ಸೀಬೆಹಣ್ಣು ಕೊಳ್ಳುವ ಗಾಡಿಯಲ್ಲಿ ಪ್ರತಿ ಕಾಯಿಯ ತೊಟ್ಟಿನಲ್ಲೂ ಎರಡೆರಡು ಎಲೆ ಇರುತ್ತದೆ. ಬೆಲೆ ಕೇಳುವ ಮೊದಲೇ ಗಾಡಿಯಾಕೆ ಎಲೆಯನ್ನು ಬೆರಳಲ್ಲಿ ಎತ್ತಿ ತೋರಿಸುತ್ತಾರೆ. "ಎಲೆ ನೋಡಿ ಸಾರ್, ಬೆಳಿಗ್ಗೆ ಕಿತ್ತಿದ್ದು." ಎಲೆ ಹಸಿರಾಗಿ ಬಿರುಸಾಗಿದ್ದರೆ ಹಣ್ಣು ಇವತ್ತಿನದು, ಜೋತುಬಿದ್ದಿದ್ದರೆ ನಿನ್ನೆಯದು. ಯಾವ ಸ್ಟಿಕ್ಕರ್ರೂ ಹೇಳದ ಕೊಯ್ಲಿನ ತಾರೀಖನ್ನು ಎಲೆ ಹೇಳಿಬಿಡುತ್ತದೆ.

ಸೀಬೆಗೆ ಈ ಪುರಾವೆ ಬೇಕಾಗುವುದಕ್ಕೆ ಕಾರಣವಿದೆ. ಲುಧಿಯಾನದಲ್ಲಿರುವ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ 2015ರಲ್ಲಿ ದೇಶದ ಬೆಳೆಗಳ ಕೊಯ್ಲಿನ ನಂತರದ ನಷ್ಟವನ್ನು ಲೆಕ್ಕಹಾಕಿ ಒಂದು ವರದಿ ಕೊಟ್ಟಿತು. ಹಣ್ಣು ತರಕಾರಿಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಸೀಬೆಯೇ, ಶೇ. 15.88. ಮಾವಿನದು ಶೇ. 9.16. ನೂರು ಕೆಜಿ ಸೀಬೆ ಕಿತ್ತರೆ ಹತ್ತಿರಹತ್ತಿರ ಹದಿನಾರು ಕೆಜಿ ಯಾರ ಬಾಯಿಗೂ ಹೋಗುವುದಿಲ್ಲ. ತೆಳುಸಿಪ್ಪೆ, ಬೇಗ ಮೆತ್ತಗಾಗುವ ಸ್ವಭಾವ, ಕ್ರೇಟಿನಲ್ಲಿ ಒಂದರ ಮೇಲೊಂದು ಬಿದ್ದ ಪೆಟ್ಟು ಎಲ್ಲವೂ ಸೇರಿ ಮೂರ್ನಾಲ್ಕು ದಿನದಲ್ಲಿ ಹಣ್ಣಿನ ಕಥೆ ಮುಗಿಯುತ್ತದೆ.

ಈ ನಷ್ಟಕ್ಕೆ ಮದ್ದೆಂದು ಈಚೆಗೆ ಮತ್ತೆಮತ್ತೆ ಕೇಳಿಬರುತ್ತಿರುವುದು ಗಿಡಮೂಲಿಕೆಯ ರಸ. ಬೇವಿನ ಕಷಾಯದಲ್ಲಿ ಅದ್ದಿದ ಬಾಳೆ, ಲೋಳೆಸರ ಸವರಿದ ದ್ರಾಕ್ಷಿ, ಮಜ್ಜಿಗೆಹುಲ್ಲಿನ ಎಣ್ಣೆಯ ಆವಿ ಹಿಡಿಸಿದ ಮಾವು. ಪ್ರಯೋಗಾಲಯದ ಶೀತಕೋಣೆಗಳಲ್ಲಿ ಇವೆಲ್ಲ ಒಳ್ಳೆಯ ಅಂಕ ಪಡೆದಿವೆ. ಹಾಗಾದರೆ ಲಗ್ಗೆರೆಯ ಗಾಡಿಗೆ ಯಾಕೆ ಬಂದಿಲ್ಲ? ಇದಕ್ಕೆ ಉತ್ತರ ಹುಡುಕಲು ಮೊದಲು ಹಣ್ಣನ್ನೇ ವಿಚಾರಿಸಬೇಕು.

ಕಿತ್ತ ಹಣ್ಣು ಸತ್ತ ವಸ್ತುವಲ್ಲ. ಗಿಡದಿಂದ ಬೇರೆಯಾದ ಮೇಲೂ ಅದು ಉಸಿರಾಡುತ್ತದೆ, ಬೆವರುತ್ತದೆ. ವ್ಯತ್ಯಾಸ ಒಂದೇ: ಊಟ ಕಳಿಸುವ ತಾಯಿ ಇಲ್ಲ. ಕೂಡಿಟ್ಟ ಸಕ್ಕರೆಯನ್ನೇ ಸುಟ್ಟುಕೊಂಡು ಬದುಕಬೇಕು. ಬಿಸಿಲು ಏರಿದಷ್ಟೂ ಖರ್ಚು ಜಾಸ್ತಿ. ಉಷ್ಣಾಂಶ 10 ಡಿಗ್ರಿ ಹೆಚ್ಚಿದರೆ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ. ಕೋಲ್ಡ್ ಸ್ಟೋರೇಜ್ ಮಾಡುವುದು ಈ ಖರ್ಚನ್ನು ಇಳಿಸುವ ಕೆಲಸವನ್ನು ಮಾತ್ರ. ಹಳತಾದ ಹಣ್ಣನ್ನು ಅದು ಹೊಸದು ಮಾಡುವುದಿಲ್ಲ.

ಇಳಿಸುವುದಕ್ಕೂ ಮಿತಿ ಇದೆ. ಸೇಬು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ನೆಮ್ಮದಿಯಾಗಿರುತ್ತದೆ, ಅದು ಚಳಿನಾಡಿನ ಹುಟ್ಟು. ನಮ್ಮ ಮಾವಿಗೆ, ಬಾಳೆಗೆ 13 ಡಿಗ್ರಿಗಿಂತ ಕೆಳಗೆ ಹೋದರೆ ಚಳಿಯೇ ಕಾಯಿಲೆ. ಮನೆಯ ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣು ಕಪ್ಪಾಗುವುದು ಕೊಳೆತಿದ್ದಕ್ಕಲ್ಲ, ಚಳಿಗೆ ಜೀವಕೋಶದ ಪೊರೆ ಒಡೆದಿದ್ದಕ್ಕೆ. ಹೀಗೆ ಚಳಿ ಹೊಡೆದ ಕಾಯಿ ಹೊರಗೆ ತಂದ ಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ, ರುಚಿಯೂ ಕಟ್ಟುವುದಿಲ್ಲ. ಅತಿಥಿಗಳು ಬರುತ್ತಾರೆಂದು ನಾಲ್ಕು ದಿನ ಮೊದಲೇ ಬಾದಾಮಿ ಮಾವಿನಕಾಯಿ ತಂದು ಫ್ರಿಜ್ಜಿಗೆ ತುಂಬಿ, ಬಡಿಸುವ ದಿನ ಸಪ್ಪೆ ರಬ್ಬರು ಕತ್ತರಿಸಿದ ಅನುಭವ ನಮ್ಮ ಮನೆಯಲ್ಲೇ ಆಗಿದೆ.

ಅಂದಹಾಗೆ ಕರ್ನಾಟಕದಲ್ಲಿ ಕೋಲ್ಡ್ ಸ್ಟೋರೇಜ್ ಎಂದರೆ ತಟ್ಟನೆ ನೆನಪಾಗುವುದು ತಾಜಾ ಹಣ್ಣಲ್ಲ, ಬ್ಯಾಡಗಿಯ ಒಣಮೆಣಸಿನಕಾಯಿ ಮತ್ತು ತುಮಕೂರು ಕಡೆಯ ಹುಣಸೆಹಣ್ಣು. ಬಣ್ಣ ಕೆಡದಂತೆ ಇಟ್ಟು ದರ ಏರಿದಾಗ ಮಾರುವ ಲೆಕ್ಕಾಚಾರ ಅಲ್ಲಿನದು. ಹಣ್ಣಿನ ವಿಷಯದಲ್ಲಿ ಬೆಂಗಳೂರು ಬೇರೆ ದಾರಿ ಹಿಡಿಯಿತು. ತೋಟಗಾರಿಕಾ ತಜ್ಞ ಎಂ.ಎಚ್. ಮರೀಗೌಡರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದು ಹುಟ್ಟಿತು. ಹಣ್ಣು ತರಕಾರಿ ಮಾರುವ ಇಂದಿನ ಸಹಕಾರ ಸಂಸ್ಥೆ ಹಾಪ್‌ಕಾಮ್ಸ್‌ನ ಮೂಲ ಅದೇ. ದ್ರಾಕ್ಷಿಯನ್ನು ಹೆಚ್ಚು ದಿನ ಇಡುವುದಕ್ಕಿಂತ ಬೇಗ ಮಾರುವುದು ಮೇಲು ಎಂಬ ಬುದ್ಧಿ ಅದರ ಹಿಂದಿತ್ತು. ದಾಸ್ತಾನು ಮಾಡುವ ಹಣ್ಣಿಗಿಂತ ಓಡುವ ಹಣ್ಣೇ ತಾಜಾ ಎಂಬುದು ಈಗಲೂ ತಳ್ಳುಗಾಡಿಯ ಅರ್ಥಶಾಸ್ತ್ರ.

ಚಳಿಯ ಇನ್ನೊಂದು ದೌರ್ಬಲ್ಯ ಬೂಷ್ಟು. ಶೀತಕೋಣೆ ಬೂಷ್ಟನ್ನು ಕೊಲ್ಲುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ. ದ್ರಾಕ್ಷಿಗೆ ಬರುವ ಬೂದುಬೂಷ್ಟು ಸೊನ್ನೆ ಡಿಗ್ರಿಯಲ್ಲೂ ಹಬ್ಬುತ್ತದೆ. ಕಿತ್ತಳೆಯ ಮೇಲೆ ಕಾಣುವ ಹಸಿರು, ನೀಲಿ ಪುಡಿಯ ಬೂಷ್ಟುಗಳು ಸಿಪ್ಪೆಗೆ ಆದ ಸಣ್ಣ ಗಾಯದಲ್ಲಿ ಕೂತು ಕಾಯುತ್ತವೆ. ಇವೆಲ್ಲಕ್ಕಿಂತ ಕಪಟಿ ಮಾವಿನ ಚಿಬ್ಬು ರೋಗದ ಶಿಲೀಂಧ್ರ. ಅದು ಹಣ್ಣಿಗೆ ಅಂಟುವುದು ಮಂಡಿಯಲ್ಲೂ ಅಲ್ಲ, ಲಾರಿಯಲ್ಲೂ ಅಲ್ಲ. ಮರ ಹೂವು, ಹೀಚು ಕಟ್ಟಿದಾಗ ಬಿದ್ದ ಮಳೆಯ ಹನಿಯಲ್ಲಿ ಬಂದು, ಎಳೆಗಾಯಿಯ ಸಿಪ್ಪೆಯೊಳಗೆ ಸೂಜಿಮೊನೆಯಷ್ಟು ಜಾಗ ಹಿಡಿದು ಮಲಗಿಬಿಡುತ್ತದೆ. ಎರಡು ಮೂರು ತಿಂಗಳು ಅದರ ಸುದ್ದಿಯೇ ಇಲ್ಲ. ಕಾಯಿ ಕಲ್ಲಿನಂತೆ ಗಟ್ಟಿಯಾಗಿ, ಕಳಂಕವಿಲ್ಲದೆ ಮಾರುಕಟ್ಟೆಗೆ ಬರುತ್ತದೆ. ಹಳದಿ ತಿರುಗಿದ ಎರಡೇ ದಿನಕ್ಕೆ ಮೈಮೇಲೆ ಕಪ್ಪುಚುಕ್ಕೆ ಏಳುತ್ತವೆ. ಗಿರಾಕಿ ಗಾಡಿಯವರನ್ನು ಬೈಯುತ್ತಾನೆ, ಗಾಡಿಯವರು ಮಂಡಿಯವರನ್ನು. ಅಪರಾಧ ನಡೆದದ್ದು ಶ್ರೀನಿವಾಸಪುರದ ತೋಟದಲ್ಲೋ ರಾಮನಗರದ ತೋಟದಲ್ಲೋ, ಆ ಮರ ಹೂಬಿಟ್ಟಿದ್ದ ದಿನಗಳಲ್ಲಿ.

ಇಷ್ಟು ದಿನ ಅದು ಸುಮ್ಮನೆ ಮಲಗಿದ್ದೇಕೆ? ಈ ಪ್ರಶ್ನೆಯಲ್ಲೇ ಗಿಡಮೂಲಿಕೆಯ ಕಥೆ ಶುರುವಾಗುತ್ತದೆ.

ಮಾವಿನಕಾಯಿ ಕೀಳುವಾಗ ತೊಟ್ಟು ಮುರಿದರೆ ಚಿಮ್ಮುವ ಸೊನೆ ಗೊತ್ತಲ್ಲ, ತುಟಿಗೆ ತಾಗಿದರೆ ಸುಡುವ, ಅಂಗಿಗೆ ಬಿದ್ದರೆ ಹೋಗದ ಸೊನೆ. ಆ ಸೊನೆಯಲ್ಲೂ ಹಸಿಕಾಯಿಯ ಸಿಪ್ಪೆಯಲ್ಲೂ ಶಿಲೀಂಧ್ರಕ್ಕೆ ಆಗದ ವಸ್ತುಗಳಿವೆ. ರಿಸಾರ್ಸಿನಾಲ್ ಗುಂಪಿನ ರಾಸಾಯನಿಕಗಳು ಅವುಗಳಲ್ಲಿ ಮುಖ್ಯವಾದವು. ಜೊತೆಗೆ ಶಿಲೀಂಧ್ರದ ಗೋಡೆಯನ್ನೇ ಕರಗಿಸುವ ಕಿಣ್ವವೂ ಸೊನೆಯಲ್ಲಿದೆ. ಶ್ರೀಲಂಕಾದ ಪೇರಾದೆಣಿಯ ವಿಶ್ವವಿದ್ಯಾಲಯದ ಸಂಶೋಧಕರು ಸೊನೆ ಒಳಗೇ ಉಳಿದ ಕಾಯಿಗಳಲ್ಲಿ ಕೊಳೆರೋಗ ಕಡಿಮೆ ಎಂದು ತೋರಿಸಿದ್ದಾರೆ. ಒಂದಿಷ್ಟು ತೊಟ್ಟು ಬಿಟ್ಟು ಮಾವು ಕೀಳಬೇಕು ಎಂದು ಅನುಭವಿ ಬೆಳೆಗಾರರು ಹೇಳುವ ಮಾತಿಗೆ ಇದೊಂದು ಸಾಕ್ಷಿ. ಆದರೆ ಅದೇ ಸೊನೆ ಸಿಪ್ಪೆಯ ಮೇಲೆ ಹರಿದರೆ ಸುಟ್ಟ ಕಲೆ ಉಳಿಸುತ್ತದೆ, ಅದಕ್ಕೇ ಪ್ಯಾಕ್‌ಹೌಸುಗಳಲ್ಲಿ ಕಾಯಿಯನ್ನು ತಲೆಕೆಳಗು ಮಾಡಿ ಸೊನೆ ಇಳಿಸುತ್ತಾರೆ. ನೋಟಕ್ಕಾಗಿ ಇಳಿಸಿದ ಸೊನೆಯ ಜೊತೆ ಕಾವಲೂ ಸ್ವಲ್ಪ ಇಳಿದುಹೋಗುತ್ತದೆ.

ಕನ್ನಡದಲ್ಲಿ ಕಾಯಿ ಎಂಬ ನಾಮಪದಕ್ಕೂ ಕಾಯಿ ಎಂಬ ಆಜ್ಞೆಗೂ ಒಂದೇ ರೂಪ. ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೋ ಇಲ್ಲವೋ, ಸಸ್ಯಶಾಸ್ತ್ರದ ಮಟ್ಟಿಗೆ ಇದು ಸರಿಯಾಗಿಯೇ ಇದೆ: ಕಾಯಿ ಕಾಯುತ್ತದೆ. ಬೀಜ ಬಲಿಯುವವರೆಗೆ ಯಾರೂ ಮುಟ್ಟಬಾರದು, ಆದ್ದರಿಂದ ಹುಳಿ, ಒಗರು, ಸೊನೆ. ಬೀಜ ಬಲಿತ ಮೇಲೆ ಯಾರಾದರೂ ತಿಂದು ಬೀಜ ಒಯ್ಯಬೇಕು, ಆದ್ದರಿಂದ ಸಿಹಿ, ಬಣ್ಣ, ವಾಸನೆ. ಹಣ್ಣಾಗುವುದೆಂದರೆ ಆಯುಧ ಕೆಳಗಿಡುವುದು. ರಿಸಾರ್ಸಿನಾಲ್‌ಗಳ ಪ್ರಮಾಣ ಇಳಿಯುತ್ತಿದ್ದಂತೆ ಮಲಗಿದ್ದ ಚಿಬ್ಬು ಏಳುತ್ತದೆ. ಬೆಣ್ಣೆಹಣ್ಣಿನ ಸಿಪ್ಪೆಯಲ್ಲೂ ಇದೇ ಆಟ ನಡೆಯುತ್ತದೆಂದು ಇಸ್ರೇಲಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಲ್ಲಿನ ಕಾವಲು ವಸ್ತು ಬೇರೆ, ನಿಯಮ ಒಂದೇ.

ಗಿಡಮೂಲಿಕೆಯ ರಸ ಹಚ್ಚುವುದೆಂದರೆ ಹಣ್ಣು ಕೆಳಗಿಟ್ಟ ಆಯುಧಕ್ಕೆ ಬದಲಾಗಿ ಇನ್ನೊಂದು ಗಿಡದಿಂದ ಕೈಗಡ ತರುವುದು. ಸಾಲ ಕೊಡುವವರೆಲ್ಲ ನಮ್ಮ ಅಡುಗೆಮನೆಯವರೇ. ಓಮದ ಘಾಟಿಗೆ ಕಾರಣವಾದ ಥೈಮಾಲ್, ದೊಡ್ಡಪತ್ರೆಯ ಎಲೆ ಹಿಚುಕಿದರೆ ಮೂಗಿಗೆ ಅಡರುವ ಕಾರ್ವಕ್ರಾಲ್, ಲವಂಗದ ಯುಜೆನಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್, ಮಜ್ಜಿಗೆಹುಲ್ಲಿನ ಸಿಟ್ರಾಲ್. ಇವು ಎಣ್ಣೆಯ ಜಾತಿಯವಾದ್ದರಿಂದ ಶಿಲೀಂಧ್ರದ ಜೀವಕೋಶದ ಪೊರೆಗೆ ನುಗ್ಗಿ ಅದನ್ನು ತೂತು ಮಾಡುತ್ತವೆ, ಒಳಗಿನ ದ್ರವ ಸೋರುತ್ತದೆ. ಆ ಗಿಡಗಳು ಇವನ್ನು ತಯಾರಿಸುವುದೂ ಹುಳ, ಬೂಷ್ಟುಗಳನ್ನು ದೂರವಿಡಲಿಕ್ಕೇ. ನಮ್ಮ ಒಗ್ಗರಣೆ, ಕಷಾಯಕ್ಕೆ ಒದಗಿದ್ದು ನಮ್ಮ ಪುಣ್ಯ.

ಎರಡನೆಯ ಬಗೆಯ ಸಾಲ ಸಿಪ್ಪೆಯದು. ಕಿತ್ತ ಹಣ್ಣು ತೂಕ ಕಳೆದುಕೊಂಡು ಸುಕ್ಕಾಗುವುದು ನೀರು ಆವಿಯಾಗಿ ಹೋಗುವುದರಿಂದ. ಮೇಲೊಂದು ತೆಳುಪೊರೆ ಕೊಟ್ಟರೆ ನೀರೂ ಉಳಿಯುತ್ತದೆ, ಉಸಿರಾಟವೂ ತಗ್ಗುತ್ತದೆ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ತನ್ನ ಮೊದಲ ದಶಕಗಳಲ್ಲೇ ಹಣ್ಣಿಗೆ ಹಚ್ಚುವ ಮೇಣದ ದ್ರಾವಣಗಳ ಮೇಲೆ ಕೆಲಸ ಮಾಡಿತ್ತು. ಲೋಳೆಸರದ ಸರದಿ ಬಹಳ ತಡವಾಗಿ ಬಂತು. 2005ರಲ್ಲಿ ಸ್ಪೇನಿನ ಸಂಶೋಧಕರು ದ್ರಾಕ್ಷಿಗೊಂಚಲುಗಳನ್ನು ಲೋಳೆಸರದ ತಿರುಳಿನಲ್ಲಿ ಅದ್ದಿ 1 ಡಿಗ್ರಿ ಚಳಿಯಲ್ಲಿಟ್ಟರು. ಅದ್ದದ ಗೊಂಚಲು ವಾರಕ್ಕೇ ಕೆಟ್ಟಿತು, ಅದ್ದಿದ್ದು 35 ದಿನ ಬಂತು. ಈ ಫಲಿತಾಂಶ ಬಂದದ್ದೇ ತಡ, ಜಗತ್ತಿನ ಕೊಯ್ಲೋತ್ತರ ಪ್ರಯೋಗಾಲಯಗಳೆಲ್ಲ ಲೋಳೆಸರದ ಹಿಂದೆ ಬಿದ್ದವು. ಅತ್ತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಹುಟ್ಟಿದ ಅಪೀಲ್ ಎಂಬ ಕಂಪನಿ ಸಸ್ಯಮೂಲದ ಕೊಬ್ಬಿನಂಶಗಳಿಂದ ಕಣ್ಣಿಗೆ ಕಾಣದ ಲೇಪನ ಮಾಡಿ ಬೆಣ್ಣೆಹಣ್ಣಿಗೆ ಹಚ್ಚಿ ಮಾರುಕಟ್ಟೆಗೂ ತಂದಿತು.

ನಮ್ಮ ಮಗ್ಗುಲಲ್ಲೇ ನಡೆದ ಒಂದು ಪ್ರಯೋಗ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಲಗ್ಗೆರೆಯಿಂದ ತುಮಕೂರು ರಸ್ತೆ ಹಿಡಿದು ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿದರೆ ಹೆಸರಘಟ್ಟ. 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವುದು ಅಲ್ಲೇ. ಅಲ್ಲಿನ ವಿಜ್ಞಾನಿಗಳು ಗಣೇಶ್ ತಳಿಯ ದಾಳಿಂಬೆಯನ್ನು ಎರಡು ರೀತಿ ಕಾಪಾಡಿ ನೋಡಿದರು. ಕೆಲವಕ್ಕೆ ಸಕ್ಕರೆ ಮತ್ತು ಕೊಬ್ಬಿನ ಆಮ್ಲಗಳಿಂದ ಮಾಡಿದ ಲೇಪನ ಹಚ್ಚಿದರು, ಕೆಲವನ್ನು ಮೈಗೆ ಬಿಗಿಯಾಗಿ ಕೂರುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದರು. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮುಂದೆ ನಿಂತದ್ದು ಪ್ಲಾಸ್ಟಿಕ್ಕು. ಸುತ್ತಿದ ಹಣ್ಣು 8 ಡಿಗ್ರಿಯಲ್ಲಿ 12 ವಾರ, ಸುತ್ತದ ಹಣ್ಣು 7 ವಾರ ಬಾಳಿತು. 25 ಡಿಗ್ರಿಯಲ್ಲಿ ಸುತ್ತಿದ್ದು 4 ವಾರ, ಸುತ್ತದ್ದು ಒಂದೇ ವಾರ. ಈ ಅಂಕಿಗಳನ್ನು ನಾನು ಎರಡು ಸಲ ಓದಿಕೊಂಡೆ. ಹೊದಿಕೆ ಎಷ್ಟೇ ಚೆನ್ನಾಗಿರಲಿ, ಅದು ಚಳಿಯ ಬದಲಿಗೆ ಬರುವಂಥದ್ದಲ್ಲ, ಚಳಿಯ ಮೇಲೆ ಹೆಚ್ಚುವರಿ. ಗಿಡಮೂಲಿಕೆಗೂ ಇದೇ ಮಾತು. ಜೊತೆಗೆ ಅದರ ನಿಜವಾದ ಪೈಪೋಟಿ ಬಡಪಾಯಿ ರಾಸಾಯನಿಕದ ಮೇಲಲ್ಲ, ಅಗ್ಗದ ಪ್ಲಾಸ್ಟಿಕ್ಕಿನ ಮೇಲೆ.

ಪೈಪೋಟಿಗೆ ಇನ್ನೂ ಒಬ್ಬರಿದ್ದಾರೆ: ಬಿಸಿನೀರು. ಮಾವನ್ನು 52 ಡಿಗ್ರಿಯ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಅದ್ದಿ ತೆಗೆದರೆ ಸಿಪ್ಪೆಯೊಳಗೆ ಮಲಗಿದ ಚಿಬ್ಬು ಬಹುಮಟ್ಟಿಗೆ ಸಾಯುತ್ತದೆ. ಎಲೆ ಬೇಡ, ಎಣ್ಣೆ ಬೇಡ. ಆದರೆ ಬಿಸಿನೀರಿಗೆ ಜಾಹೀರಾತು ಬರೆಯುವುದು ಹೇಗೆ?

ಗಿಡಮೂಲಿಕೆಯ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಒಂದು ಮಾತು ಸೇರಿಸುತ್ತಾರೆ, ಇದೆಲ್ಲ ನಮ್ಮ ಅಜ್ಜಿಯರಿಗೆ ಗೊತ್ತಿತ್ತು ಎಂದು. ಅರ್ಧ ಮಾತ್ರ ನಿಜ. ಕಾಳಿನ ಡಬ್ಬಕ್ಕೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುತ್ತಿದ್ದರು, ಹುಳ ಹತ್ತುತ್ತಿರಲಿಲ್ಲ. ಆದರೆ ಹಣ್ಣಿನ ಜೊತೆ ಹುಲ್ಲು ಸೊಪ್ಪು ಸೇರಿಸುತ್ತಿದ್ದದ್ದು ಅದನ್ನು ತಡೆಯಲಿಕ್ಕಲ್ಲ, ಬೇಗ ಹಣ್ಣು ಮಾಡಲಿಕ್ಕೆ. ಅಡೆ ಹಾಕುವುದೆಂದರೆ ಅದೇ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿದರೆ ಕಾಯಿ ಬಿಡುವ ಎಥಿಲೀನ್ ಅನಿಲ ಅಲ್ಲೇ ಉಳಿದು, ಕಾವೂ ಸೇರಿ, ಕಾಯಿಯೇ ಕಾಯಿಯನ್ನು ಮಾಗಿಸುತ್ತದೆ. ಹಣ್ಣು ಎಥಿಲೀನ್ ಹೊರಬಿಡುತ್ತದೆಂದು ಇಂಗ್ಲೆಂಡಿನ ರಿಚರ್ಡ್ ಗೇನ್ 1934ರಲ್ಲಿ ರುಜುವಾತು ಮಾಡುವ ಎಷ್ಟೋ ಮುಂಚೆಯೇ ನಮ್ಮ ಅಟ್ಟಗಳಲ್ಲಿ ಅದರ ಕೆಲಸ ನಡೆಯುತ್ತಿತ್ತು. ಅಜ್ಜಿಯ ಕಾಲದಲ್ಲಿ ಹಣ್ಣನ್ನು ಮೂವತ್ತು ದಿನ ತಡೆದಿಡುವ ಅಗತ್ಯವೇ ಇರಲಿಲ್ಲ. ಹೆಚ್ಚಾದರೆ ಹಂಚುತ್ತಿದ್ದರು, ಇಲ್ಲವೇ ಉಪ್ಪಿನಕಾಯಿ, ಹಪ್ಪಳ, ಮಾಂಬಳ. ಇಲ್ಲದ ಪರಂಪರೆಯನ್ನು ಗಂಟುಹಾಕದೆಯೂ ಈ ವಿಜ್ಞಾನಕ್ಕೆ ಗೌರವ ಕೊಡಬಹುದು.

ಈಗ ತೊಡಕಿನ ವಿಷಯ. ಬೇವಿನ ಎಲೆಯ ಕಷಾಯ ಎಂದಾಕ್ಷಣ ಅದು ಒಂದು ವಸ್ತುವಲ್ಲ. ಯಾವ ಮರ, ಯಾವ ತಿಂಗಳು, ನೀರಲ್ಲಿ ಕುದಿಸಿದ್ದೋ ಸಾರಾಯದಲ್ಲಿ ಇಳಿಸಿದ್ದೋ ಎಂಬುದರ ಮೇಲೆ ಅದರ ಬಲ ಬದಲಾಗುತ್ತದೆ. ಲೋಳೆಸರದ ಹಸಿ ತಿರುಳು ಹೊರಗಿಟ್ಟರೆ ತಾನೇ ಬೇಗ ಹುಳಿಯುತ್ತದೆ; ಹಣ್ಣು ಕಾಪಾಡಲು ಬಂದದ್ದನ್ನು ಮೊದಲು ಕಾಪಾಡಬೇಕು. ಲವಂಗದೆಣ್ಣೆ ಹೆಚ್ಚಾದರೆ ಶಿಲೀಂಧ್ರದ ಜೊತೆ ಸಿಪ್ಪೆಯನ್ನೂ ಸುಡುತ್ತದೆ, ಕಡಿಮೆಯಾದರೆ ಆವಿಯಾಗಿ ಹೋಗುತ್ತದೆ. ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಬೆರೆಸಲು ಇನ್ನೇನೋ ಸೇರಿಸಬೇಕು. ಲೇಪನ ದಪ್ಪವಾದರೆ ಹಣ್ಣಿಗೆ ಉಸಿರು ಕಟ್ಟುತ್ತದೆ, ಒಳಗೆ ಹುದುಗು ಹಿಡಿದು ಹೆಂಡದ ವಾಸನೆ ಬರುತ್ತದೆ. ಅದ್ದಿದ ಹಣ್ಣನ್ನು ಆರಿಸದೆ ಶೀತಕೋಣೆಗೆ ತುಂಬಿದರೆ ಆ ತೇವದಲ್ಲೇ ಬೂಷ್ಟಿಗೆ ಹಬ್ಬ. ಕೊನೆಗೆ ನಾಲಿಗೆ ಇದೆ. ರಸಪುರಿ ಮಾವು ಓಮದ ವಾಸನೆ ಹೊಡೆದರೆ ಅದು ತಿಂಗಳು ಬಾಳಿದರೇನು, ಬಿಟ್ಟರೇನು?

ಎಲೆಯ ಔಷಧ ಮಾರುಕಟ್ಟೆ ತಲುಪಿದ್ದೇ ಇಲ್ಲವೆಂದಲ್ಲ. ಹೆಸರಘಟ್ಟದ ಸಂಸ್ಥೆಯೇ ಬೇವಿನ ಸೋಪು, ಹೊಂಗೆ ಸೋಪು ಮಾಡಿ ರೈತರ ಕೈಗೆ ಕೊಟ್ಟಿದೆ. ತರಕಾರಿಯ ಕೀಟಕ್ಕೆ ಸಿಂಪಡಿಸುವ ಮದ್ದು ಅದು. ಬೇವಿನ ಗುಣ ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲಿನ ಜಾಣತನ ಇರುವುದು ಸೋಪಿನಲ್ಲಿ. ಎಣ್ಣೆಯನ್ನು ನೀರಿಗೆ ಬೆರೆಯುವಂತೆ ಮಾಡಿ, ಇಷ್ಟು ಲೀಟರಿಗೆ ಇಷ್ಟು ಗ್ರಾಂ ಎಂದು ಹೇಳಲು ಬರುವಂತೆ ಮಾಡಿತು. ಕೊಯ್ದ ಹಣ್ಣಿನ ಮದ್ದಿಗೆ ಬೇಕಾಗಿರುವುದು ಅಂಥ ಒಂದು ಸೋಪು, ಹೊಸದೊಂದು ಎಲೆಯಲ್ಲ. ಯಾವುದೋ ಎಲೆ ಯಾವುದೋ ಬೂಷ್ಟನ್ನು ತಡೆಯಿತೆಂಬ ಪ್ರಬಂಧಗಳು ಬೇಕಾದಷ್ಟಿವೆ. ಜೊತೆಗೆ ಅನುಮತಿಯ ಪ್ರಶ್ನೆ. ತಾಜಾ ಹಣ್ಣಿನ ಮೇಲೆ ಜೇನುಮೇಣ, ಕಾರ್ನೌಬಾ ಮೇಣ, ಅರಗು ಹಚ್ಚಲು ನಮ್ಮ ಆಹಾರ ಸುರಕ್ಷತಾ ನಿಯಮ ಒಪ್ಪುತ್ತದೆ, ಹಚ್ಚಿದ್ದನ್ನು ಲೇಬಲ್ಲಿನಲ್ಲಿ ತಿಳಿಸಬೇಕು. ಕಾರ್ನೌಬಾ ಬ್ರೆಜಿಲ್ಲಿನ ಒಂದು ತಾಳೆಮರದ ಎಲೆಯ ಮೇಣ. ಸೇಬನ್ನು ಚಾಕುವಿನಿಂದ ಕೆರೆದು ಬಿಳಿಪುಡಿ ತೋರಿಸಿ ಹೆದರಿಸುವ ವೀಡಿಯೊಗಳಲ್ಲಿ ಎಷ್ಟೋ ಸಲ ಕಾಣುವುದು ಇಂಥ ಮೇಣವೇ. ಗಿಡದ್ದು ಎಂದರೆ ಪ್ರೀತಿ, ಮೇಣ ಎಂದರೆ ಭಯ, ಎರಡೂ ಒಂದೇ ಎಂದರೆ ಯಾರೂ ನಂಬುವುದಿಲ್ಲ.

ನನಗೆ ಕಾಣುವಂತೆ ಗಿಡಮೂಲಿಕೆಯ ಜಾಗ ಶೀತಕೋಣೆಯೂ ಅಲ್ಲ, ಲಗ್ಗೆರೆಯ ಗಾಡಿಯಂತೂ ಅಲ್ಲ. ಅದರ ಜಾಗ ಮರದ ಬುಡ. ಕಿತ್ತ ದಿನವೇ, ಪೆಟ್ಟು ಬೀಳುವ ಮುಂಚೆ, ಗಾಯಕ್ಕೆ ಬೀಜಕಣ ಕೂರುವ ಮುಂಚೆ ಹಚ್ಚಿ ಆರಿಸಿ ತಂಪಿಗೆ ಸೇರಿಸಿದರೆ ಅದು ಕಾವಲುಗಾರ. ನಾಲ್ಕು ದಿನ ಮಂಡಿ ತಿರುಗಿ ಬಂದ ಹಣ್ಣಿಗೆ ಹಚ್ಚಿದರೆ ಬರಿಯ ಅಲಂಕಾರ. ಹಾಗೆ ಮಾಡಬೇಕೆಂದರೆ ತೋಟದಲ್ಲೇ ನೆರಳು, ಶುದ್ಧ ನೀರು, ಒಂದು ತೊಟ್ಟಿ, ಬೀಸಣಿಗೆ, ಪುಟ್ಟ ತಂಪುಕೋಣೆ ಬೇಕು. ಈ ಐದೂ ಇದ್ದ ತೋಟದಲ್ಲಿ ಕಷಾಯ ಇಲ್ಲದಿದ್ದರೂ ನಷ್ಟ ಅರ್ಧಕ್ಕೆ ಬರಬಹುದೆಂಬ ಗುಮಾನಿ ನನಗಿದೆ.

ಗಾಡಿಯಾಕೆಯ ಕೋಲ್ಡ್ ಸ್ಟೋರೇಜ್ ಒಂದು ಗೋಣಿತಾಟು. ನೀರಲ್ಲಿ ನೆನೆಸಿ ಹಿಂಡಿ ರಾತ್ರಿ ಹಣ್ಣಿನ ಮೇಲೆ ಹೊದಿಸುತ್ತಾರೆ. ಇದೇ ತತ್ವವನ್ನು ಇಟ್ಟುಕೊಂಡು ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ವಿದ್ಯುತ್ ಬೇಡದ ತಂಪುಪೆಟ್ಟಿಗೆ ರೂಪಿಸಿತು: ಇಟ್ಟಿಗೆಯ ಎರಡು ಗೋಡೆ, ನಡುವೆ ಒದ್ದೆ ಮರಳು. ನೀರು ಆವಿಯಾಗುವಾಗ ಒಳಗಿನ ಬಿಸಿ ಹೀರುತ್ತದೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಜುಲೈ ತಿಂಗಳ ತೇವದಲ್ಲಿ ನಡೆಯುವುದಿಲ್ಲ.

ಮೊನ್ನೆ ಕತ್ತಲಾದ ಮೇಲೆ ಹೋದಾಗ ಆಕೆ ಉಳಿದ ಸೀಬೆಗಳ ತೊಟ್ಟಿನಿಂದ ಎಲೆಗಳನ್ನು ಒಂದೊಂದಾಗಿ ಚಿವುಟಿ ತೆಗೆಯುತ್ತಿದ್ದರು. ಬಾಡಿದ ಎಲೆ ಕಂಡರೆ ನಾಳೆ ಯಾರೂ ಕೊಳ್ಳುವುದಿಲ್ಲವೆಂದಿರಬೇಕು ಅಂದುಕೊಂಡು ಕೇಳಿದೆ. "ಅದೂ ಸೈ. ಎಲೆ ಇದ್ರೆ ಕಾಯಿ ಬೇಗ ಬಾಡ್ತದೆ ಸಾರ್, ನೀರೆಲ್ಲ ಅದೇ ಎಳ್ಕೊಂಡ್‌ಬಿಡ್ತದೆ." ಎಲೆ ತನ್ನ ರಂಧ್ರಗಳಿಂದ ಆವಿ ಬಿಡಲು ಕಿತ್ತ ಮೇಲೂ ತೊಟ್ಟಿನ ಮೂಲಕ ಕಾಯಿಯ ನೀರನ್ನೇ ಎಳೆಯುತ್ತದೆ, ಪಠ್ಯಪುಸ್ತಕ ಹೇಳುವುದೂ ಇದನ್ನೇ. ಬೆಳಿಗ್ಗೆ ಸಾಕ್ಷಿ ಹೇಳಿದ ಎಲೆ ಸಂಜೆಗೆ ಗಾಡಿಯ ಕೆಳಗೆ ಬಿದ್ದಿತ್ತು. ನಾನು ಎಲೆಯಿಲ್ಲದ ಅರ್ಧ ಕೆಜಿ ತೂಗಿಸಿಕೊಂಡೆ, ಹತ್ತು ರೂಪಾಯಿ ಕಡಿಮೆ ಮಾಡಿದರು.